ಲೈನಿನ ಕ್ರಿಸ್ಮಸ್ಸಿಗೆ ದುಡ್ಡು ಕೊಟ್ಟವರು ಯಾರು?

1

ಕೋಲಾರದ ಚಿನ್ನದ ಗಣಿಯ ಚರಿತ್ರೆ ಬರೆಯುವವರು ಎರಡು ಸಂಗತಿಗಳನ್ನು ಎಂದೂ ಮರೆಯುವುದಿಲ್ಲ. ನೂರಿಪ್ಪತ್ತು ವರ್ಷಗಳಲ್ಲಿ ಈ ನೆಲದ ಹೊಟ್ಟೆಯಿಂದ ಸುಮಾರು 800 ಟನ್ ಚಿನ್ನ ಬಂತು ಅನ್ನುವುದು ಒಂದು. ಬಿಳಿ ದೊರೆಗಳ ಕಾಲದಲ್ಲಿ ಈ ಊರು 'ಪುಟ್ಟ ಇಂಗ್ಲೆಂಡ್' ಆಗಿತ್ತು ಅನ್ನುವುದು ಇನ್ನೊಂದು. ಈ ಎರಡನೆಯದನ್ನು ಹೇಳುವಾಗ ಅವರಿಗೆ ಡಿಸೆಂಬರ್ ತಿಂಗಳ ಚಳಿ ನೆನಪಾಗುತ್ತದೆ. ತೋಟದ ನಡುವಿನ ಬಂಗಲೆಗಳು, 1885ರಲ್ಲಿ ಶುರುವಾದ ಕ್ಲಬ್ಬು, ಅಲ್ಲಿನ ಕ್ರಿಸ್ಮಸ್ ಔತಣ, ಕುಣಿತ ಎಲ್ಲ ನೆನಪಾಗುತ್ತವೆ. ಆ ಕಾಲವೇ ಚೆನ್ನಾಗಿತ್ತು ಅನ್ನುವ ನಿಟ್ಟುಸಿರಿನೊಂದಿಗೆ ಪುಟ ಮುಗಿಯುತ್ತದೆ.

ಅದೇ ರಾತ್ರಿ ಆ ಬಂಗಲೆಗಳ ಬೇಲಿಯಾಚೆ ಇನ್ನೊಂದು ಕ್ರಿಸ್ಮಸ್ ನಡೆಯುತ್ತಿತ್ತು. ಅದು ಲೈನಿನ ಕ್ರಿಸ್ಮಸ್. ದೂರದ ಗೆಳೆಯರಿಗೆ ಹೇಳಬೇಕು: ಲೈನು ಅಂದರೆ ಗಣಿ ಕಾರ್ಮಿಕರ ಕೇರಿ. ಒಂದೇ ಗೋಡೆಗೆ ಬೆನ್ನು ಕೊಟ್ಟು ಸಾಲಾಗಿ ನಿಂತ ಸಣ್ಣ ಸಣ್ಣ ಮನೆಗಳು. ಇಡೀ ಸಾಲಿಗೆ ಒಂದು ನಲ್ಲಿ, ಇಡೀ ಸಾಲಿಗೆ ಒಂದು ಕಕ್ಕಸು. ಒಬ್ಬರ ಮನೆಯ ಒಗ್ಗರಣೆ ಹತ್ತು ಮನೆಗೆ ಗೊತ್ತಾಗುತ್ತದೆ, ಒಬ್ಬರ ಮನೆಯ ಉಪವಾಸವೂ ಹತ್ತು ಮನೆಗೆ ಗೊತ್ತಾಗುತ್ತದೆ. ಈ ಮಾತನ್ನು ಓದುಗರು ನೆನಪಿಟ್ಟುಕೊಳ್ಳಬೇಕು. ಮುಂದೆ ಬೇಕಾಗುತ್ತದೆ.

ನಾನು ಹುಟ್ಟಿದ್ದು ಅಂಥ ಒಂದು ಲೈನಿನಲ್ಲಿ, ಗಣಿ ಮುಚ್ಚಿದ 2001ರಲ್ಲಿ. ಅಪ್ಪನ ಕಡೆಯ ಮಾತು ತಮಿಳು. ಅಮ್ಮ ಬಂಗಾರಪೇಟೆ ಕಡೆಯವಳು, ಅವಳ ಮಾತು ಕನ್ನಡ. ನಮ್ಮ ಮನೆಯಲ್ಲಿ ಡಿಗ್ರಿ ಅಂತ ಮುಗಿಸಿದವನು ನಾನೇ ಮೊದಲು. ಕಾಲೇಜಿನಲ್ಲಿ ನನ್ನ ಊರು, ನನ್ನ ಹಬ್ಬ ಗೊತ್ತಾದ ಮೇಲೆ ಎರಡು ತರದ ಮಾತು ಕಿವಿಗೆ ಬಿತ್ತು. 'ನಿಮಗೇನ್ರೀ, ಇಂಗ್ಲಿಷ್ ಕಂಪನಿಯೋರು ಕಲಿಸಿ ಹೋದ ಹಬ್ಬ' ಅಂದವರು ಕೆಲವರು. 'ಬ್ರೆಡ್ಡು, ಹಾಲಿನ ಪುಡಿ ಕೊಟ್ಟು ಪಾದ್ರಿಗಳು ಅಂಟಿಸಿದ ಹಬ್ಬ' ಅಂದವರು ಇನ್ನು ಕೆಲವರು. ಮೊದಲನೆಯವರು ಮೆಚ್ಚಿಕೆಯಿಂದ ಹೇಳಿದರು, ಎರಡನೆಯವರು ಹಗೆಯಿಂದ ಹೇಳಿದರು. ಆದರೆ ಎರಡೂ ಮಾತಿನ ಬೇರು ಒಂದೇ. ಬಡವನಿಗೆ ಸ್ವಂತದ್ದು ಅಂತ ಏನೂ ಇರೋದಕ್ಕೆ ಸಾಧ್ಯವಿಲ್ಲ. ಅವನು ನಕ್ಕರೆ ಆ ನಗುವನ್ನೂ ಯಾರೋ ದಾನ ಕೊಟ್ಟಿರಬೇಕು!

ಆದ್ದರಿಂದ ಈ ಬರಹದಲ್ಲಿ ನಾನು ದೇವರ ವಿಷಯ ಎತ್ತುವುದಿಲ್ಲ. ಲೆಕ್ಕದ ವಿಷಯ ಎತ್ತುತ್ತೇನೆ. ನಮ್ಮ ಕ್ರಿಸ್ಮಸ್ಸಿನ ಅಕ್ಕಿ, ಬೆಲ್ಲ, ಬಟ್ಟೆಯ ದುಡ್ಡನ್ನು ಕೊಟ್ಟವರು ಯಾರು?

2

ಮೊದಲು ಕಂಪನಿಯ ಖಾತೆ ನೋಡೋಣ.

1880ರ ದಶಕದಲ್ಲಿ ಜಾನ್ ಟೇಲರ್ ಅಂಡ್ ಸನ್ಸ್ ಎಂಬ ಲಂಡನ್ನಿನ ಸಂಸ್ಥೆ ಇಲ್ಲಿ ಗಣಿ ನಡೆಸಲು ಶುರು ಮಾಡಿತು. ಮೈಸೂರು, ಚಾಂಪಿಯನ್ ರೀಫ್, ಊರಿಗಾಂ, ನಂದಿದುರ್ಗ ಎಂದು ಒಂದೊಂದಾಗಿ ಗಣಿಗಳು ಎದ್ದವು. ಕೂಲಿಗೆ ಬಂದವರು ಎಲ್ಲಿಯವರು? ಉತ್ತರ ಆರ್ಕಾಟ್, ಸೇಲಂ, ಚಿತ್ತೂರು ಕಡೆಯವರು. ಅಲ್ಲೆಲ್ಲ 1876-78ರ ಭಾರೀ ಬರದ ನೆನಪು ಇನ್ನೂ ಆರಿರಲಿಲ್ಲ. ನೆಲದೊಳಗೆ ಇಳಿದವರಲ್ಲಿ ಬಹುಪಾಲು ಜನ ಊರ ಹೊರಗಿನ ಕೇರಿಯವರು, ಜಮೀನ್ದಾರನ ಗದ್ದೆಯಲ್ಲಿ ಆಳಾಗಿದ್ದವರು, ಬಾವಿ ಮುಟ್ಟಲು ಬಿಡದಿದ್ದ ಜಾತಿಯವರು. ಬೆಳಕಿನಲ್ಲಿ ಮುಟ್ಟಿಸಿಕೊಳ್ಳದ ಮೈ ಕತ್ತಲಲ್ಲಿ ಚಿನ್ನ ತೆಗೆಯಬಹುದು, ಅದಕ್ಕೆ ಯಾವ ಶಾಸ್ತ್ರವೂ ಅಡ್ಡಿ ಹೇಳಲಿಲ್ಲ. ಇಪ್ಪತ್ತನೇ ಶತಮಾನದ ಆರಂಭದ ಹೊತ್ತಿಗೆ ಇಲ್ಲಿ ದುಡಿಯುವವರ ಸಂಖ್ಯೆ ಇಪ್ಪತ್ತೈದು ಸಾವಿರ ಮೀರಿತ್ತು.

1902ರಲ್ಲಿ ಶಿವನಸಮುದ್ರದಿಂದ ಸುಮಾರು 147 ಕಿಲೋಮೀಟರ್ ತಂತಿ ಎಳೆದು ಗಣಿಗೆ ಕರೆಂಟು ತಂದರು. ಬೆಂಗಳೂರಿನ ಬೀದಿಗೆ ದೀಪ ಬಂದದ್ದು 1905ರಲ್ಲಿ. ಈ ಹೆಮ್ಮೆಯನ್ನು ನಮ್ಮ ಪಠ್ಯಪುಸ್ತಕಗಳು ಹೇಳುತ್ತವೆ. ಆ ಕರೆಂಟು ಮೊದಲು ಹೋದದ್ದು ಯಂತ್ರಕ್ಕೆ. ಯಂತ್ರ ತಿರುಗಿಸುವವನ ಮನೆಗಲ್ಲ. ಕಾರ್ಮಿಕರು ಬಿದಿರಿನ ತಟ್ಟಿ ಹೊದಿಸಿದ ಗುಡಿಸಲುಗಳಲ್ಲಿ ಬದುಕಿದರು. ನಮ್ಮ ತಾತ ಹುಡುಗನಾಗಿದ್ದಾಗಿನ ಕ್ರಿಸ್ಮಸ್ ನಕ್ಷತ್ರದೊಳಗೆ ಸೀಮೆಎಣ್ಣೆ ಬುಡ್ಡಿ ಇಡುತ್ತಿದ್ದರಂತೆ. ಗಾಳಿ ಜೋರಾಗಿ ಬೀಸಿದರೆ ನಕ್ಷತ್ರಕ್ಕೇ ಬೆಂಕಿ ಹತ್ತುತ್ತಿತ್ತು, ಮಕ್ಕಳು ನೀರು ಹಿಡಿದುಕೊಂಡು ಕಾಯುತ್ತಿದ್ದರು.

ಚಾಂಪಿಯನ್ ರೀಫ್ ಗಣಿ ಮೂರು ಕಿಲೋಮೀಟರಿಗೂ ಹೆಚ್ಚು ಆಳಕ್ಕೆ ಇಳಿಯಿತು. ಅಷ್ಟು ಕೆಳಗೆ ಬಂಡೆಯ ಬಿಸಿಯೇ 60 ಡಿಗ್ರಿ ದಾಟುತ್ತಿತ್ತು. ಬಂಡೆ ತನ್ನಷ್ಟಕ್ಕೇ ಸಿಡಿದು ಒಳಗಿದ್ದವರನ್ನು ಮುಚ್ಚಿಬಿಡುತ್ತಿತ್ತು. ಹಾಗೆ ಸಾಯದೆ ಉಳಿದವನನ್ನು ಧೂಳು ಕಾಯುತ್ತಿತ್ತು. ಕಲ್ಲು ಕೊರೆಯುವಾಗ ಏಳುವ ಆ ನುಣುಪು ಧೂಳು ಎದೆಗೂಡಿನಲ್ಲಿ ಕೂತು ಶ್ವಾಸಕೋಶವನ್ನೇ ಕಲ್ಲು ಮಾಡುತ್ತದೆ. ಸಿಲಿಕೋಸಿಸ್ ಎಂದು ಅದರ ಹೆಸರು. 1940ರ ದಶಕದಲ್ಲಿ ಇಲ್ಲಿನ ಏಳೂವರೆ ಸಾವಿರಕ್ಕೂ ಹೆಚ್ಚು ಕಾರ್ಮಿಕರನ್ನು ತಪಾಸಣೆ ಮಾಡಿದಾಗ ನೂರಕ್ಕೆ ನಲವತ್ತಕ್ಕಿಂತ ಹೆಚ್ಚು ಮಂದಿಗೆ ಈ ರೋಗ ಕಂಡಿತು. ಅಂದರೆ ಎರಡು ಮನೆಗೆ ಹತ್ತಿರ ಹತ್ತಿರ ಒಂದು ಮನೆಯಲ್ಲಿ ಉಸಿರಿಗಾಗಿ ಒದ್ದಾಡುವ ಒಬ್ಬ ಗಂಡಸು.

ಜನ ಸುಮ್ಮನೆ ಕೂತಿರಲಿಲ್ಲ. 1930ರಲ್ಲಿ ಬೆರಳಚ್ಚು ಒತ್ತಿಸಿಕೊಂಡು ಕಾರ್ಮಿಕರನ್ನು ಪಟ್ಟಿಗೆ ಸೇರಿಸುವ ಪದ್ಧತಿಯನ್ನು ಕಂಪನಿ ತಂದಾಗ, ನಾವೇನು ಕಳ್ಳರಾ ಎಂದು ಸಾವಿರಾರು ಜನ ಕೆಲಸ ಬಿಟ್ಟು ಹೊರಬಂದರು. ಯಾವ ದೊಡ್ಡ ಸಂಘದ ಆಸರೆಯೂ ಇಲ್ಲದೆ ಆ ಮುಷ್ಕರ ವಾರಗಟ್ಟಲೆ ನಡೆಯಿತು. 1946ರ ನವೆಂಬರ್ 4ರಂದು ಪೊಲೀಸರ ಗುಂಡಿಗೆ 6 ಜನ ಕಾರ್ಮಿಕರು ಬಲಿಯಾದರು. ಆ ವರ್ಷದ ಡಿಸೆಂಬರಿನಲ್ಲೂ ಕ್ರಿಸ್ಮಸ್ ಬಂದಿರಬೇಕಲ್ಲವೆ? ಕ್ಲಬ್ಬಿನ ನೆನಪುಗಳಲ್ಲಿ ಈ ಪ್ರಶ್ನೆಗೆ ಜಾಗವಿಲ್ಲ.

ಕಂಪನಿ 1956ರಲ್ಲಿ ಮೈಸೂರು ಸರ್ಕಾರದ ಕೈಗೆ ಬಂತು, 1962ರಲ್ಲಿ ಕೇಂದ್ರ ಸರ್ಕಾರದ ಕೈಗೆ ಹೋಯಿತು, 1972ರಲ್ಲಿ ಭಾರತ್ ಗೋಲ್ಡ್ ಮೈನ್ಸ್ ಲಿಮಿಟೆಡ್ ಆಯಿತು. ಹೆಸರು ಬದಲಾಯಿತು, ಲೈನು ಬದಲಾಗಲಿಲ್ಲ. 2001ರ ಫೆಬ್ರವರಿ ತಿಂಗಳು ಮುಗಿಯುವಾಗ ಗಣಿಯೂ ಮುಗಿಯಿತು. ಚಿನ್ನ ಹೋಯಿತು, ಧೂಳು ಉಳಿಯಿತು. ಅದಿರು ಪುಡಿಮಾಡಿ, ಸೈನೈಡಿನಲ್ಲಿ ತೊಳೆದು, ಚಿನ್ನ ಸೋಸಿಕೊಂಡು ಬಿಸಾಕಿದ ಮಣ್ಣು ಗುಡ್ಡ ಗುಡ್ಡವಾಗಿ ನಮ್ಮ ಮನೆಗಳ ಹಿಂದೆ ನಿಂತಿದೆ. ಗಾಳಿ ಎದ್ದ ದಿನ ಅದು ಅನ್ನದ ತಟ್ಟೆಗೆ ಬರುತ್ತದೆ.

ಇದು ಕಂಪನಿಯ ಖಾತೆ. ಕೊಟ್ಟದ್ದೇನು, ಕಿತ್ತುಕೊಂಡದ್ದೇನು ಎಂದು ಓದುಗರೇ ಕೂಡಿ ಕಳೆಯಲಿ.

3

ಇನ್ನು ಪಾದ್ರಿಯ ಖಾತೆ.

ಲೈನಿನ ಜನ ದೇವರನ್ನು ಆರಿಸಿಕೊಂಡ ಚರಿತ್ರೆ ಬಹಳ ಸ್ವಾರಸ್ಯದ್ದು. ಒಂದೇ ಜಾತಿ, ಒಂದೇ ಬಡತನ, ಒಂದೇ ಗಣಿ. ಆದರೆ ಮೂರು ದಾರಿ. ಕೆಲವರು ಊರಿಂದ ಬರುವಾಗ ಮಾರಿಯಮ್ಮನನ್ನು ಜೊತೆಗೇ ತಂದರು. ಕೆಲವರು ಪಂಡಿತ ಅಯೋತಿದಾಸರ ದಾರಿ ಹಿಡಿದರು. 1898ರಲ್ಲಿ ಮದ್ರಾಸಿನಲ್ಲಿ ಶಾಕ್ಯ ಬೌದ್ಧ ಸಂಘ ಕಟ್ಟಿದ ಆ ಮಹಾನುಭಾವರ ಮಾತು ಬಹಳ ಬೇಗ ಈ ಗಣಿಗೂ ಬಂತು. ಬಾಬಾಸಾಹೇಬರು ನಾಗಪುರದಲ್ಲಿ ಬೌದ್ಧಧರ್ಮ ಸ್ವೀಕರಿಸಿದ್ದು 1956ರಲ್ಲಿ. ಅದಕ್ಕೆ ಎಷ್ಟೋ ದಶಕ ಮೊದಲೇ ಮಾರಿಕುಪ್ಪಂ, ಚಾಂಪಿಯನ್ ರೀಫ್‌ಗಳಲ್ಲಿ ಗಣಿಯ ಧೂಳು ತೊಳೆದುಕೊಂಡ ಕಾರ್ಮಿಕರು ಸಂಜೆ ಕೂತು ಬುದ್ಧನ ಮಾತು ಓದುತ್ತಿದ್ದರು, ಪುಸ್ತಕ ಅಚ್ಚು ಹಾಕುತ್ತಿದ್ದರು. ಈ ಸಂಗತಿಯನ್ನು ನಮ್ಮ ಚಳವಳಿಯ ಗೆಳೆಯರೂ ಎಷ್ಟೋ ಸಲ ಮರೆಯುತ್ತೇವೆ.

ಮೂರನೆಯವರು ಏಸುವಿನ ಕಡೆ ಹೋದರು. ಯಾಕೆ ಹೋದರು? ಬ್ರೆಡ್ಡಿಗೆ ಹೋದರು ಅಂತ ಹೇಳುವವರು ಬ್ರೆಡ್ಡಿನ ಹಸಿವನ್ನು ಯಾರು ಹುಟ್ಟಿಸಿದರು ಅಂತ ಹೇಳುವುದಿಲ್ಲ. ಗುಡಿಯ ಹೊಸಿಲು ದಾಟಲು ಬಿಡದವರ ಮುಂದೆ ಒಂದು ಬಾಗಿಲು ತೆರೆದಿತ್ತು, ಒಳಗೆ ಹೋಗಿ ಮಂಡಿಯೂರಿ ಕೂತರು. ಅಕ್ಷರ ಸಿಗುತ್ತದೆ ಅಂತ ಹೋದವರಿದ್ದರು, ಸತ್ತರೆ ಹೂಳಲು ಮರ್ಯಾದೆಯ ಜಾಗ ಸಿಗುತ್ತದೆ ಅಂತ ಹೋದವರಿದ್ದರು, ನಿಜವಾಗಿ ನಂಬಿ ಹೋದವರೂ ಇದ್ದರು. ಬಡವನಿಗೆ ನಂಬಿಕೆ ಇರಬಾರದು ಅಂತ ಕಾನೂನಿದೆಯೇ?

ಹಾಗಂತ ಸಭೆಯನ್ನು ಹೊಗಳಿ ಅಟ್ಟಕ್ಕೇರಿಸುವ ಹಂಗು ನನಗಿಲ್ಲ. ಜಾತಿ ಚರ್ಚಿನ ಬಾಗಿಲಲ್ಲಿ ಚಪ್ಪಲಿ ಬಿಟ್ಟು ಒಳಗೆ ಬಂತು. ದಕ್ಷಿಣದ ಎಷ್ಟೋ ಊರುಗಳಲ್ಲಿ ಕೂರುವ ಜಾಗ ಬೇರೆ, ಸ್ಮಶಾನ ಬೇರೆ ಮಾಡಿಕೊಂಡು ಏಸುವಿಗೆ ಕೈ ಮುಗಿದವರಿದ್ದಾರೆ. ಭಾರತದ ದಲಿತನೊಬ್ಬ ಕ್ಯಾಥೊಲಿಕ್ ಸಭೆಯಲ್ಲಿ ಕಾರ್ಡಿನಲ್ ಆಗುವುದಕ್ಕೆ 2022ನೇ ಇಸವಿ ಬರಬೇಕಾಯಿತು. ನಮ್ಮ ಲೈನಿನವರ ಪುಣ್ಯವೋ ಏನೋ, ಇಲ್ಲಿನ ಚರ್ಚಿಗೆ ಬರುವವರೆಲ್ಲ ಹೆಚ್ಚುಕಡಿಮೆ ಗಣಿಯ ಮಕ್ಕಳೇ. ಹಾಗಾಗಿ ಮುಂದೆ ಕೂರುವವರು, ಹಿಂದೆ ಕೂರುವವರು ಅಂತ ಜಗಳವಿರಲಿಲ್ಲ. ಮೊದಲು ಬಂದವರಿಗೆ ಬೆಂಚು, ಆಮೇಲೆ ಬಂದವರಿಗೆ ಚಾಪೆ.

4

ಈಗ ನಮ್ಮ ಖಾತೆ. 2009ರ ಕ್ರಿಸ್ಮಸ್ಸನ್ನು ತೆಗೆದುಕೊಳ್ಳುತ್ತೇನೆ. ನನಗೆ ಎಂಟು ವರ್ಷ. ಇದಕ್ಕಿಂತ ಇಷ್ಟವಾದ ಹಬ್ಬ ನನ್ನ ಬದುಕಿನಲ್ಲಿ ಇನ್ನೊಂದಿಲ್ಲ. ಅದಕ್ಕಾಗಿಯೇ ಅದರ ಲೆಕ್ಕ ನನಗೆ ಬಾಯಿಪಾಠ.

ಗಣಿ ಮುಚ್ಚಿದ ಮೇಲೆ ನಮ್ಮ ಊರು ರೈಲಿನ ಮೇಲೆ ಬದುಕುವ ಊರಾಯಿತು. ಬೆಳಗಿನ ಜಾವ ಮಾರಿಕುಪ್ಪಂನಿಂದ ಹೊರಡುವ ರೈಲಿನಲ್ಲಿ ಸಾವಿರಾರು ಜನ ಸುಮಾರು ನೂರು ಕಿಲೋಮೀಟರ್ ದೂರದ ಬೆಂಗಳೂರಿಗೆ ದುಡಿಯಲು ಹೋಗುತ್ತಾರೆ, ರಾತ್ರಿ ಬರುತ್ತಾರೆ. ಅಮ್ಮ ಆ ರೈಲಿನಲ್ಲಿ ಹೋಗಿ ನಾಲ್ಕು ಮನೆಯ ನೆಲ ಒರೆಸಿ ಬರುತ್ತಿದ್ದಳು. ಅಪ್ಪ ಬೆಂಗಳೂರಿನ ಒಂದು ಕಟ್ಟಡದ ಗೇಟಿನಲ್ಲಿ ರಾತ್ರಿ ಕಾವಲು. ತಾತನಿಗೆ ಪಿಂಚಣಿ ಅಂತ ಒಂದಿಷ್ಟು ಚಿಲ್ಲರೆ ಬರುತ್ತಿತ್ತು. ಜೊತೆಗೆ ಇಪ್ಪತ್ತೆಂಟು ವರ್ಷ ನೆಲದೊಳಗೆ ದುಡಿದು ತಂದ ಉಸಿರಿನ ರೋಗ.

ಹಬ್ಬದ ದುಡ್ಡಿಗೆ ಲೈನಿನಲ್ಲಿ ಒಂದೇ ದಾರಿ: ಕ್ರಿಸ್ಮಸ್ ಚೀಟಿ. ಅದನ್ನು ನಡೆಸುತ್ತಿದ್ದವಳು ಪಕ್ಕದ ಮನೆಯ ಅತ್ತೆ. ಲೈನಿನಲ್ಲಿ ರಕ್ತಸಂಬಂಧ ಇಲ್ಲದಿದ್ದರೂ ಎಲ್ಲರೂ ಅತ್ತೆ, ಮಾವ, ತಾತ. ಈ ಅತ್ತೆ ಮಾರಿಯಮ್ಮನ ಒಕ್ಕಲು. ಇಪ್ಪತ್ತು ಹೆಂಗಸರು ಜನವರಿಯಿಂದ ನವೆಂಬರ್‌ವರೆಗೆ ತಿಂಗಳಿಗೆ ನೂರು ರೂಪಾಯಿ ಕಟ್ಟಬೇಕು. ಡಿಸೆಂಬರಿನಲ್ಲಿ ಅತ್ತೆ ಆ ಇಪ್ಪತ್ತೆರಡು ಸಾವಿರ ಹಿಡಿದುಕೊಂಡು ರಾಬರ್ಟ್‌ಸನ್‌ಪೇಟೆಗೆ ಹೋಗಿ ಅಕ್ಕಿ, ಬೆಲ್ಲ, ಎಣ್ಣೆ, ಮೈದಾ, ಎಳ್ಳು ಎಲ್ಲವನ್ನೂ ಮೂಟೆ ಲೆಕ್ಕದಲ್ಲಿ ಚೌಕಾಸಿ ಮಾಡಿ ತಂದು ಇಪ್ಪತ್ತು ಪಾಲು ಮಾಡುವಳು. ಬಟ್ಟೆಗೆ ಅಂತ ಒಂದಿಷ್ಟು ರೊಕ್ಕ ಕೈಗೆ. ಹೆಸರು ಕ್ರಿಸ್ಮಸ್ ಚೀಟಿ, ಆದರೆ ಅದರಲ್ಲಿ ಅರ್ಧ ಜನ ಅದೇ ಅಕ್ಕಿಬೆಲ್ಲ ಇಟ್ಟುಕೊಂಡು ಜನವರಿಯಲ್ಲಿ ಪೊಂಗಲ್ ಮಾಡುವವರು.

ಆ ವರ್ಷ ಆಗಸ್ಟಿನಲ್ಲಿ ತಾತನಿಗೆ ಉಸಿರು ಕಟ್ಟಿ ಆಸ್ಪತ್ರೆ ಸೇರಿಸಬೇಕಾಯಿತು. ಅಮ್ಮ ಅಲ್ಲಿವರೆಗೆ ಕಟ್ಟಿದ್ದ ಏಳುನೂರನ್ನು ಚೀಟಿಯಿಂದ ವಾಪಸ್ಸು ತೆಗೆದಳು. ಅಂದರೆ ಡಿಸೆಂಬರಿಗೆ ನಮ್ಮ ಪಾಲು ಇಲ್ಲ. ಈ ಸಲ ಕ್ರಿಸ್ಮಸ್ ಇಲ್ಲ ಮಗಾ, ಬರೋ ವರ್ಷ ಮಾಡೋಣ ಅಂತ ಅಮ್ಮ ಮೊದಲೇ ಹೇಳಿಟ್ಟಳು. ನಾನು, ತಂಗಿ ಆಯ್ತು ಅಂದೆವು. ಬಡವರ ಮನೆ ಮಕ್ಕಳಿಗೆ ಆಯ್ತು ಅನ್ನುವುದು ಬೇಗ ಬರುತ್ತದೆ.

ಸಾಮಾನು ಹಂಚುವ ದಿನ ಅತ್ತೆ ನಮ್ಮ ಮನೆ ಬಾಗಿಲಿಗೂ ಒಂದು ಗಂಟು ತಂದಿಟ್ಟಳು. ಅಮ್ಮ ಬೇಡ ಅಂದಳು. ಅತ್ತೆ ಸೆರಗಿನ ಮರೆಯಿಂದ ಚೀಟಿ ಲೆಕ್ಕದ ಪುಸ್ತಕ ತೆಗೆದು, ಅಮ್ಮನ ಹೆಸರಿನ ಮುಂದೆ ಬರೆದದ್ದನ್ನು ತೋರಿಸಿದಳು.

'ಧರ್ಮಕ್ಕೆ ಕೊಡ್ತಿಲ್ಲ ಕಣಮ್ಮ. ಸಾಲ. ನೋಡು, ಬರ್ಕೊಂಡಿದೀನಿ. ತಿಂಗ್ಳು ತಿಂಗ್ಳು ತೀರ್ಸು.'

ಆಮೇಲೆ ಗೊತ್ತಾಯಿತು, ನಮ್ಮ ಗಂಟು ತುಂಬಿಸಲು ಉಳಿದ ಹತ್ತೊಂಬತ್ತು ಪಾಲಿನಲ್ಲಿ ಒಂದೊಂದು ಪಾವು ಅಕ್ಕಿ, ಒಂದೊಂದು ತುಂಡು ಬೆಲ್ಲ ಕಡಿಮೆ ಹಾಕಿದ್ದಳು. ಎಲ್ಲರನ್ನೂ ಕೇಳಿಯೇ ಮಾಡಿದ್ದಳು. ಒಬ್ಬಳೂ ಯಾಕೆ ಅನ್ನಲಿಲ್ಲ. ಯಾರ ಮನೆಯ ಒಲೆ ಹತ್ತಿಲ್ಲ ಅನ್ನುವುದು ಲೈನಿನಲ್ಲಿ ಮುಚ್ಚಿಡಲಾಗದ ವಿಷಯ ಅಂತ ಆಗಲೇ ಹೇಳಿದೆನಲ್ಲ. ಅಮ್ಮ ಆ ಸಾಲವನ್ನು ಮುಂದಿನ ಜೂನ್ ಹೊತ್ತಿಗೆ ಪೈಸೆ ಬಿಡದೆ ತೀರಿಸಿದಳು.

ಹಬ್ಬದ ಬಟ್ಟೆಗೆ ಅಮ್ಮ ಒಂದು ಉಪಾಯ ಕಂಡಳು. ಸರ್ಕಾರ ಕೊಟ್ಟ ಯೂನಿಫಾರಂ ಅಷ್ಟೊತ್ತಿಗೆ ಹಿಂದೆ ಮುಂದೆ ಹರಿದಿತ್ತು. ಇನ್ನೊಂದು ಜೊತೆ ಹೇಗೂ ಬೇಕಲ್ಲ, ಅದನ್ನೇ ಹಬ್ಬಕ್ಕೆ ಹೊಲಿಸಿದಳು. ಹೊಸ ಬಿಳಿ ಅಂಗಿ, ನೀಲಿ ಚಡ್ಡಿ. ಮಧ್ಯರಾತ್ರಿ ಚರ್ಚಿಗೆ ಹೋಗಿ ನೋಡುತ್ತೇನೆ, ನಮ್ಮ ಕ್ಲಾಸಿನ ಆರೇಳು ಹುಡುಗರು ಅದೇ ಬಿಳಿ ಅಂಗಿ ನೀಲಿ ಚಡ್ಡಿಯಲ್ಲಿ ಚಾಪೆ ಮೇಲೆ ಕೂತಿದ್ದಾರೆ! ಎಲ್ಲರ ಅಮ್ಮಂದಿರಿಗೂ ಅದೇ ಉಪಾಯ ಹೊಳೆದಿತ್ತು. ಪ್ರಾರ್ಥನೆ ಮುಗಿಯುವವರೆಗೂ ನಾವು ಒಬ್ಬರನ್ನೊಬ್ಬರು ನೋಡಿ ನಗು ತಡೆದುಕೊಂಡೆವು.

ಗೋದಲಿಯನ್ನು ನಾನೇ ಕಟ್ಟಿದ್ದೆ. ಹದಿನೈದು ದಿನ ಮುಂಚೆ ತೆಂಗಿನ ಚಿಪ್ಪಿನಲ್ಲಿ ರಾಗಿ ಚೆಲ್ಲಿ ನೀರು ಹಾಕಿದರೆ ಹಬ್ಬದ ಹೊತ್ತಿಗೆ ಹಸಿರು ಹೊಲ ತಯಾರು. ಹುಲ್ಲಿನ ಮಾಡು, ಮಣ್ಣಿನ ಕುರಿ. ನೆಲಕ್ಕೆ ಹರಡಲು ನುಣುಪು ಮರಳು ಬೇಕಿತ್ತು, ಮನೆ ಹಿಂದಿನ ದಿಬ್ಬದಿಂದ ಒಂದು ಡಬ್ಬಿ ತಂದು ಸುರಿದೆ. ಬೆತ್ಲೆಹೇಮಿನ ಮರಳುಗಾಡು ಹಾಗೇ ಇರುತ್ತದೆ ಅಂತ ನನ್ನ ಲೆಕ್ಕ. ತಾತ ಚರ್ಚಿನವರೆಗೆ ನಡೆಯಲಾರದೆ ಗೋಡೆಗೆ ಒರಗಿ ಅದರ ಮುಂದೆಯೇ ಕೂತಿದ್ದರು. ಒಂದು ಚಿಟಿಕೆ ಮರಳನ್ನು ಬೆರಳಲ್ಲಿ ಉಜ್ಜಿ ನೋಡಿ, ತಮ್ಮ ಮುರುಕು ಕನ್ನಡದಲ್ಲಿ ಹೇಳಿದರು: 'ಇದು ಕೆಳಗಿಂದ ಮೇಲಕ್ಕೆ ತಂದಿದ್ದು ನಾನು.' ಅಷ್ಟೇ ಹೇಳಿದ್ದು. ಆಮೇಲೆ ಕೈ ತೊಳೆದುಕೋ ಅಂದರು.

ಬೆಳಿಗ್ಗೆ ಅಪ್ಪ ರಾತ್ರಿ ಪಾಳಿ ಮುಗಿಸಿ ರೈಲಿಗೆ ಬಂದರು. ಕೈಯಲ್ಲಿ ಅರ್ಧ ಕೆಜಿ ಕೇಕು. ರೈಲಿನ ನೂಕಾಟದಲ್ಲಿ ಅದು ಪುಡಿಪುಡಿಯಾಗಿತ್ತು. ಅಮ್ಮ ಅದನ್ನು ಉಪ್ಪಿಟ್ಟಿನ ಹಾಗೆ ಚಮಚದಲ್ಲಿ ಹಂಚಿದಳು. ಹಾಗೆ ತಿಂದ ಕೇಕಿನ ರುಚಿ ಇವತ್ತಿಗೂ ಯಾವ ಬೇಕರಿಯಲ್ಲೂ ಸಿಕ್ಕಿಲ್ಲ. ಮಧ್ಯಾಹ್ನಕ್ಕೆ ದೊಡ್ಡ ಮಾಂಸದ ಬಿರಿಯಾನಿ, ಯಾಕೆಂದರೆ ಕುರಿ ಮಾಂಸ ನಮ್ಮ ಕೈಗೆ ಎಟುಕುವಂಥದ್ದಲ್ಲ. ಅದಕ್ಕಿಂತ ಮೊದಲು ತಟ್ಟೆ ಹಂಚುವ ಕೆಲಸ. ಕಜ್ಜಾಯ, ಅಚ್ಚು ಮುರುಕು, ಎರಡು ಬಾಳೆಹಣ್ಣು ಇಟ್ಟು ಮೇಲೆ ಬಟ್ಟೆ ಮುಚ್ಚಿ ಅಮ್ಮ ಕೊಡುವಳು, ನಾನು ಮನೆ ಮನೆಗೆ ಒಯ್ಯುವವನು. ಮೊದಲ ತಟ್ಟೆ ಚೀಟಿ ಅತ್ತೆಗೆ. ಎರಡನೆಯದು ಕೊನೆ ಮನೆಯ ಬುದ್ಧ ತಾತನಿಗೆ. ಅವರ ಗೋಡೆಯಲ್ಲಿ ಬುದ್ಧ, ಬಾಬಾಸಾಹೇಬರು, ಅಯೋತಿದಾಸರು ಮೂವರೂ ಇದ್ದರು. ಮೂರನೆಯದು ಚಿಕ್ಕಪ್ಪನ ಮನೆಗೆ. ಖಾಲಿ ತಟ್ಟೆ ವಾಪಸ್ಸು ಕೊಡುವ ಪದ್ಧತಿ ನಮ್ಮಲ್ಲಿಲ್ಲ. ಬುದ್ಧ ತಾತ ಯಾವಾಗಲೂ ತಟ್ಟೆಯಲ್ಲಿ ಒಂದು ಪೆನ್ಸಿಲ್ ಇಟ್ಟು ಕೊಡುತ್ತಿದ್ದರು.

ಸರಿ, ಈಗ ಕೂಡೋಣ. ತಾತನ ಎದೆಯ ಪಿಂಚಣಿ, ಅಮ್ಮನ ಬೆಳಗಿನ ಜಾವದ ರೈಲು, ಅಪ್ಪನ ರಾತ್ರಿ ನಿದ್ದೆ, ಅತ್ತೆಯ ಪುಸ್ತಕ, ಹತ್ತೊಂಬತ್ತು ಹೆಂಗಸರ ಹತ್ತೊಂಬತ್ತು ಪಾವು ಅಕ್ಕಿ. ಚರ್ಚು ಕೊಟ್ಟದ್ದು ಒಂದು ಕ್ಯಾಲೆಂಡರು. ಅದಕ್ಕೂ ಅಮ್ಮ ಕಾಣಿಕೆ ಪೆಟ್ಟಿಗೆಗೆ ಹತ್ತು ರೂಪಾಯಿ ಹಾಕಿದ್ದಳು. ಇದರಲ್ಲಿ ಕಂಪನಿಯ ಕಾಸು ಯಾವುದು? ಪಾದ್ರಿಯ ಕಾಸು ಯಾವುದು?

5

ಮೂರು ತಟ್ಟೆ ಹೋದ ಮೂರು ಮನೆಗಳ ವಿಷಯ ಇಲ್ಲಿಗೆ ಮುಗಿಯುವುದಿಲ್ಲ. ಲೈನಿನಲ್ಲಿ ಒಂದಾಗಿದ್ದ ಆ ಮನೆಗಳನ್ನು ಸರ್ಕಾರದ ಕಾಗದ ಬೇರೆ ಮಾಡಿತು.

1950ರ ರಾಷ್ಟ್ರಪತಿ ಆದೇಶದ ಮೂರನೇ ಪ್ಯಾರಾ ಪರಿಶಿಷ್ಟ ಜಾತಿಯವನು ಹಿಂದೂ ಆಗಿಯೇ ಇರಬೇಕು ಎಂದಿತು. 1956ರಲ್ಲಿ ಸಿಖ್ಖರನ್ನು ಸೇರಿಸಿದರು, 1990ರಲ್ಲಿ ಬೌದ್ಧರನ್ನು ಸೇರಿಸಿದರು. ಇಬ್ಬರನ್ನೂ ಸೇರಿಸಿದ್ದು ನ್ಯಾಯ, ಅದರ ಬಗ್ಗೆ ನನ್ನ ತಕರಾರಿಲ್ಲ. ಆದರೆ ಕ್ರೈಸ್ತನಾದ ದಲಿತ, ಮುಸ್ಲಿಮನಾದ ದಲಿತ ಇಂದಿಗೂ ಹೊರಗೆ. ಕರ್ನಾಟಕದಲ್ಲಿ ಕ್ರೈಸ್ತರಾದ ಪರಿಶಿಷ್ಟರನ್ನು ಹಿಂದುಳಿದ ವರ್ಗಗಳ ಪ್ರವರ್ಗ-1ಕ್ಕೆ ಹಾಕಿದ್ದಾರೆ. ಅದರ ನೂರಕ್ಕೆ 4ರ ಪಾಲಿಗೆ ನಾವು ಎಷ್ಟೋ ಸಣ್ಣ ಜಾತಿಗಳ ಜೊತೆ ನಿಲ್ಲಬೇಕು.

ಅಪ್ಪನನ್ನು ಶಾಲೆಗೆ ಸೇರಿಸುವಾಗ ರಿಜಿಸ್ಟರಿನಲ್ಲಿ ಕ್ರಿಶ್ಚಿಯನ್ ಎಂದು ಬರೆದರು. ಎರಡು ವರ್ಷದ ಮೇಲೆ ಚಿಕ್ಕಪ್ಪನನ್ನು ಸೇರಿಸುವಾಗ ಆದಿ ದ್ರಾವಿಡ ಎಂದು ಬರೆದರು. ಒಂದೇ ಹೊಟ್ಟೆಯಲ್ಲಿ ಹುಟ್ಟಿದವರು, ಒಂದೇ ಗಣಿಯ ಮಕ್ಕಳು. ಪರಿಣಾಮ ಏನು? ಚಿಕ್ಕಪ್ಪನ ಮಗನ ಕೈಯಲ್ಲಿ ಒಂದು ಸರ್ಟಿಫಿಕೇಟು, ನನ್ನ ಕೈಯಲ್ಲಿ ಇನ್ನೊಂದು. ಚೀಟಿ ಅತ್ತೆಯ ಮಗಳು ಪರಿಶಿಷ್ಟಳು. ಬುದ್ಧ ತಾತನ ಮೊಮ್ಮಗ 1990ರ ಮೇಲೆ ಕಾಗದದಲ್ಲೂ ಪರಿಶಿಷ್ಟ. ನಾನು ಅಲ್ಲ. ನನ್ನ ಬಾಡಿಗೆ ರೂಮಿನ ಮಾಲೀಕ ಮಾತ್ರ ಜಾತಿ ಕೇಳಿ ಮನೆ ಇಲ್ಲ ಅನ್ನುವಾಗ ಈ ಮೂರನೇ ಪ್ಯಾರಾ ಓದಿಕೊಂಡಿರಲಿಲ್ಲ!

ಇದರ ಇನ್ನೊಂದು ಕ್ರೌರ್ಯ ನೋಡಿ. ಚಿಕ್ಕಪ್ಪನ ಮನೆಯವರು ನಮ್ಮ ಜೊತೆ ಚರ್ಚಿಗೆ ಬರುತ್ತಿದ್ದರು. ಮಗ ದೊಡ್ಡ ಕ್ಲಾಸಿಗೆ ಬಂದ ಮೇಲೆ ಅವರ ಮನೆಯ ಬಾಗಿಲಿಗೆ ನಕ್ಷತ್ರ ಕಟ್ಟುವುದು ನಿಂತಿತು. ಯಾರಾದರೂ ನೋಡಿ ಬರೆದು ಹಾಕಿದರೆ? ಎಂಬ ಭಯ. ಒಂದು ಬಿದಿರು ಕಡ್ಡಿಯ, ಬಣ್ಣದ ಕಾಗದದ ನಕ್ಷತ್ರ ಒಬ್ಬ ಹುಡುಗನ ಓದನ್ನೇ ಕಿತ್ತುಕೊಳ್ಳಬಲ್ಲದು. 1930ರಲ್ಲಿ ಬೆರಳಚ್ಚಿನ ಕಾಗದಕ್ಕೆ ಹೆದರದೆ ಹೊರಬಂದವರ ಮರಿಮಕ್ಕಳು ಜಾತಿಯ ಕಾಗದಕ್ಕೆ ಹೆದರಿ ದೀಪ ಆರಿಸಿ ಕೂತಿದ್ದೇವೆ.

ಇದೇ ಪ್ರಶ್ನೆಯನ್ನು ಮದ್ರಾಸಿನ ಬೀದಿಬದಿಯಲ್ಲಿ ಚಪ್ಪಲಿ ಹೊಲಿಯುತ್ತಿದ್ದ ಸೂಸೈ ಎಂಬ ಆದಿ ದ್ರಾವಿಡ ಕ್ರೈಸ್ತ ಸುಪ್ರೀಂ ಕೋರ್ಟಿನವರೆಗೆ ಒಯ್ದ. ಪಕ್ಕದಲ್ಲಿ ಕೂತು ಅದೇ ಕೆಲಸ ಮಾಡುವ ಹಿಂದೂ ಚಮ್ಮಾರನಿಗೆ ಸರ್ಕಾರ ಪೆಟ್ಟಿಗೆ ಅಂಗಡಿ ಕೊಟ್ಟಿತು, ಇವನಿಗೆ ಕೊಡಲಿಲ್ಲ. 1985ರಲ್ಲಿ ಬಂದ ತೀರ್ಪು, ಮತ ಬದಲಾದ ಮೇಲೂ ಜಾತಿಯ ಕಷ್ಟ ಅಷ್ಟೇ ತೀವ್ರವಾಗಿ ಉಳಿದಿದೆ ಅನ್ನುವುದಕ್ಕೆ ಸಾಕ್ಷಿ ಸಾಲದು ಎಂದಿತು. ಬಿಸಿಲಲ್ಲಿ ಕೂತು ಅಟ್ಟೆ ಹೊಲಿಯುವವನ ಕೈಗಿಂತ ಬೇರೆ ಸಾಕ್ಷಿ ಯಾವುದಿತ್ತು? 2007ರಲ್ಲಿ ರಂಗನಾಥ ಮಿಶ್ರಾ ಆಯೋಗ ಪರಿಶಿಷ್ಟ ಸ್ಥಾನಕ್ಕೂ ಮತಕ್ಕೂ ಇರುವ ಗಂಟನ್ನು ಬಿಚ್ಚಿ ಎಂದು ಹೇಳಿತು. ಗಂಟು ಬಿಚ್ಚಲಿಲ್ಲ. 2022ರ ಅಕ್ಟೋಬರಿನಲ್ಲಿ ಕೇಂದ್ರ ಸರ್ಕಾರ ಇದೇ ವಿಷಯಕ್ಕೆ ನ್ಯಾಯಮೂರ್ತಿ ಬಾಲಕೃಷ್ಣನ್ ಅವರ ಮುಂದಾಳುತನದಲ್ಲಿ ಇನ್ನೊಂದು ಆಯೋಗ ಮಾಡಿತು.

6

2021ರ ಡಿಸೆಂಬರ್ 23ರಂದು, ಲೈನಿನ ಹೆಂಗಸರು ಕಜ್ಜಾಯದ ಪಾಕ ಇಳಿಸುವ ಹೊತ್ತಿನಲ್ಲಿ, ನಮ್ಮ ವಿಧಾನಸಭೆ ಮತಾಂತರದ ವಿರುದ್ಧದ ಮಸೂದೆಯನ್ನು ಒಪ್ಪಿತು. 2022ರಲ್ಲಿ ಅದು ಕಾಯಿದೆಯಾಯಿತು. 2023ರ ಜೂನ್‌ನಲ್ಲಿ ಅದನ್ನು ಹಿಂತೆಗೆಯುವುದಾಗಿ ಮುಂದಿನ ಸರ್ಕಾರದ ಸಂಪುಟ ತೀರ್ಮಾನಿಸಿತು. ಆ ಕಾಯಿದೆ 'ಆಮಿಷ' ಎಂಬ ಮಾತಿಗೆ ಕೊಟ್ಟ ಅರ್ಥದಲ್ಲಿ ಉಡುಗೊರೆ ಇದೆ, ಪುಕ್ಕಟೆ ಓದು ಇದೆ, ಒಳ್ಳೆಯ ಬದುಕಿನ ಭರವಸೆಯೂ ಇದೆ. ಹೆಚ್ಚಿನ ಶಿಕ್ಷೆ ಯಾರನ್ನು ಮತಾಂತರ ಮಾಡಿದರೆ? ಅಪ್ರಾಪ್ತ ಮಕ್ಕಳು, ಬುದ್ಧಿ ಸ್ಥಿಮಿತವಿಲ್ಲದವರು, ಹೆಂಗಸರು, ಪರಿಶಿಷ್ಟ ಜಾತಿ ಮತ್ತು ಪಂಗಡದವರು. ಒಂದೇ ಸಾಲಿನಲ್ಲಿ ಇವರೆಲ್ಲ! ಗಣಿಯ ಆಳದಲ್ಲಿ ಯಾವ ಬಂಡೆ ಸಿಡಿಯುತ್ತದೆ ಎಂದು ಕಿವಿಗೊಟ್ಟು ತಿಳಿಯುತ್ತಿದ್ದ ನಮ್ಮ ತಾತಂದಿರಿಗೆ, ಹನ್ನೊಂದು ತಿಂಗಳ ಚೀಟಿ ಲೆಕ್ಕವನ್ನು ಪೈಸೆ ತಪ್ಪದೆ ಇಡುವ ನಮ್ಮ ಅತ್ತೆಯರಿಗೆ, ಯಾವ ದೇವರಿಗೆ ಕೈ ಮುಗಿಯಬೇಕು ಅನ್ನುವಷ್ಟು ಬುದ್ಧಿ ಇಲ್ಲ ಎಂದು ಈ ಸಾಲು ಹೇಳುತ್ತದೆ. 2025ರಲ್ಲಿ ರಾಜ್ಯದ ಸಮೀಕ್ಷೆ ನಡೆದಾಗ ಜಾತಿಯ ಹೆಸರಿನ ಜೊತೆ ಕ್ರಿಶ್ಚಿಯನ್ ಎಂದು ಸೇರಿಸಿದ್ದಕ್ಕೆ ಎದ್ದ ಗದ್ದಲವೂ ಇದೇ ಬೇರಿನ ಇನ್ನೊಂದು ಚಿಗುರು. ನಮ್ಮನ್ನು ನಾವು ಏನೆಂದು ಕರೆದುಕೊಳ್ಳಬೇಕು ಅನ್ನುವುದನ್ನು ನಮ್ಮ ಬಿಟ್ಟು ಎಲ್ಲರೂ ಚರ್ಚಿಸಿದರು.

ಇದಕ್ಕೆ ಉತ್ತರ ಘೋಷಣೆಯಿಂದ ಮಾತ್ರ ಆಗುವುದಿಲ್ಲ. ಸಂಗಾತಿಗಳು ಮೂರನೇ ಪ್ಯಾರಾದ ವಿರುದ್ಧದ ಹೋರಾಟವನ್ನು ಕ್ರೈಸ್ತರ ಪಾಡು ಎಂದು ಪಕ್ಕಕ್ಕಿಡದೆ ದಲಿತ ಚಳವಳಿಯ ಸ್ವಂತ ಕೆಲಸ ಎಂದು ಎತ್ತಿಕೊಳ್ಳಬೇಕು. ಪಾಲು ಕಡಿಮೆಯಾಗುತ್ತದೆ ಎಂಬ ಅಳುಕು ನಮ್ಮವರಲ್ಲೇ ಕೆಲವರಿಗಿದೆ. ಆ ಅಳುಕು ಸುಳ್ಳಲ್ಲ, ಇರುವ ಪಾಲೇ ಚಿಕ್ಕದು. ಆದರೆ ಹತ್ತೊಂಬತ್ತು ಬಡ ಹೆಂಗಸರು ಒಂದೊಂದು ಪಾವು ಬಿಟ್ಟುಕೊಟ್ಟು ಇಪ್ಪತ್ತನೆಯವಳನ್ನು ಸೇರಿಸಿಕೊಂಡ ಲೆಕ್ಕ ನಮ್ಮ ಕೇರಿಗಳಲ್ಲೇ ಇದೆ. ಪಾಲನ್ನು ದೊಡ್ಡದು ಮಾಡಿ ಎಂದು ಒಟ್ಟಾಗಿ ಕೇಳುವ ಬಲ ಹಾಗೆ ಸೇರಿಸಿಕೊಂಡವರಿಗೆ ಮಾತ್ರ ಬರುತ್ತದೆ.

ಹಳ್ಳಿಯ ಮೇಷ್ಟ್ರುಗಳಿಗೆ ಒಂದು ಮಾತು. ಹಬ್ಬದ ಬಗ್ಗೆ ಪ್ರಬಂಧ ಬರೆಸುವಾಗ 'ಹಬ್ಬಗಳು ನಮ್ಮ ಸಂಸ್ಕೃತಿಯ ಪ್ರತೀಕ' ಎಂದು ಬರೆಸಬೇಡಿ. ನಿಮ್ಮ ಮನೆಯ ಹಬ್ಬಕ್ಕೆ ದುಡ್ಡು ಎಲ್ಲಿಂದ ಬಂತು, ಯಾರು ಸಾಲ ಕೊಟ್ಟರು, ಯಾರ ಮನೆಗೆ ತಟ್ಟೆ ಹೋಯಿತು, ಯಾರ ಮನೆಗೆ ಹೋಗಲಿಲ್ಲ, ಯಾಕೆ ಹೋಗಲಿಲ್ಲ ಎಂದು ಕೇಳಿ. ಮೊಹರಂ ಆಗಲಿ, ಮಾರಿಹಬ್ಬ ಆಗಲಿ, ಕ್ರಿಸ್ಮಸ್ ಆಗಲಿ. ಮಕ್ಕಳು ಬರೆದು ತಂದದ್ದೇ ಆ ಊರಿನ ಚರಿತ್ರೆ. ಚೀಟಿ ನಡೆಸುವ ಹೆಂಗಸರ ಲೆಕ್ಕದ ಪುಸ್ತಕಗಳು ರದ್ದಿಗೆ ಹೋಗುವ ಮುಂಚೆ ಒಮ್ಮೆ ಕೇಳಿ ತೆಗೆದಿಡಿ. ಗಣಿಯ ದಾಖಲೆಗಳಲ್ಲಿ ಔನ್ಸು ಔನ್ಸು ಚಿನ್ನಕ್ಕೆ ಲೆಕ್ಕವಿದೆ. ಅದನ್ನು ತೆಗೆದವರ ಪಾವು ಅಕ್ಕಿಗೆ ಲೆಕ್ಕ ಇರುವುದು ಆ ಪುಸ್ತಕಗಳಲ್ಲಿ ಮಾತ್ರ.

ನಾವು ಬರೆದಿಡದೆ ಬಿಟ್ಟ ಲೆಕ್ಕವನ್ನು ಯಾರು ಬೇಕಾದರೂ ತಮ್ಮ ಖಾತೆಗೆ ಬರೆದುಕೊಳ್ಳುತ್ತಾರೆ.